ಕಣ್ಣಿನ ಅಳತೆ

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಹತ್ತೇ ನಿಮಿಷ.
ನನ್ನ ಕಾಲಬುಡದಲ್ಲಿ ಗೋಣಿಚೀಲ,
ಚೀಲದಲ್ಲಿ ಒಂಬತ್ತು ಮುಖ.
ಟಿಕೆಟ್ ಹರಿಯುವ ಹಮ್ಮಬ್ಬ ಬಗ್ಗಿ ನೋಡಿದ:
"ಇವರಿಗೆ ಅರ್ಧ ಟಿಕೆಟಾ ಟೀಚರ್, ಪೂರ್ತಿಯಾ?"
"ಇನ್ನೂ ಹುಟ್ಟಲಿಲ್ಲ ಮಾರಾಯ್ರೆ" ಎಂದೆ.
ನಗಲಿಲ್ಲ ಆತ. ಉಪ್ಪುಗಾಳಿ ತಾಗದ ಹಾಗೆ
ಚೀಲದ ಬಾಯಿ ಮಡಚಿ ಕೊಟ್ಟ.

ಮೂರು ಶನಿವಾರ ಹಳೇ ಪೇಪರು ಹರಿದಿದ್ದೆವು,
ಏಳನೇ ಕ್ಲಾಸಿನ ಹದಿನೆಂಟು ಜನ ಮತ್ತು ನಾನು.
ಬಿಸಿಯೂಟದ ಅಕ್ಕ ಎತ್ತಿಟ್ಟ ಗಂಜಿಯೇ ಅಂಟು.
ಬಲೂನಿನ ಮೇಲೆ ಪದರ ಪದರ
ಮರಣವಾರ್ತೆ, ಚಿನ್ನದ ದರ, ನಾಳೆಯ ಹವೆ.
ಸಮುದ್ರಕ್ಕೆ ಮೂಗು ಉಂಟೋ ಇಲ್ಲವೋ,
ಆ ಜಗಳಕ್ಕೆ ಇಡೀ ಒಂದು ಪೀರಿಯಡ್ ಹೋಯಿತು.
"ಬಾಯಿ ಮಾತ್ರ ಇರುವುದು" ಎಂದ ನಿಶಾಂತ ತಿಂಗಳಾಯ.
ಅವನ ಅಪ್ಪ ಹೋದ ಬೋಟಿನ ಹೆಸರು ಎಲ್ಲರಿಗೂ ಗೊತ್ತು.
ಮತ್ತೆ ಯಾರೂ ಮೂಗಿನ ಮಾತೆತ್ತಲಿಲ್ಲ.

ಕಥೆ ಅವರದೇ. ಸಮುದ್ರ ರಜೆ ಹಾಕಿದ ದಿನ.
ಹೆಡ್‌ಮಾಸ್ಟರರಿಗೆ ಅದು ಬರೆದ ಅರ್ಜಿ:
"ಮಾನ್ಯರೇ, ಹುಟ್ಟಿದಂದಿನಿಂದ
ನಾನು ಒಂದು ದಿನವೂ ಕೂತಿಲ್ಲ.
ನಾಳೆ ಒಂದು ದಿನ ಕೂತುಕೊಳ್ಳುತ್ತೇನೆ.
ಇಂತಿ ತಮ್ಮ ವಿಧೇಯ."
ಮಂಜೂರು ಮಾಡಬೇಕೋ ಬೇಡವೋ ಎಂದು
ಏಡಿ, ಕೊಕ್ಕರೆ, ಐಸ್ ಪ್ಲಾಂಟಿನ ಮ್ಯಾನೇಜರು,
ಮೀನು ಮಾರುವ ಅಜ್ಜಿ, ಎಲ್ಲ ಸೇರಿ ಮೀಟಿಂಗು.

ಇವತ್ತು ಮುಖ ಕಟ್ಟಿಕೊಂಡು ಎದ್ದು ನಿಂತರು.
"ಏನೂ ಕಾಣವಲ್ದ್ರೀ ಟೀಚರ್"
ಏಡಿಯೊಳಗಿಂದ ಯಮನೂರನ ದನಿ.
ಕೊಕ್ಕರೆ ಹೋಗಿ ಕರಿಹಲಗೆಗೆ ಕೊಕ್ಕು ಕುಟ್ಟಿತು.
ಅಜ್ಜಿ ಬೆಂಚಿನ ಹತ್ತಿರ ಚೌಕಾಸಿಗೆ ಇಳಿದಳು.
ತೂತುಗಳು ದುಂಡಗೆ, ಚೆಂದಕ್ಕೇ ಇದ್ದವು.
ನಿನ್ನೆ ರಾತ್ರಿ ಕನ್ನಡಿಯೆದುರು ಬ್ಲೇಡು ಹಿಡಿದು
ಒಂದೊಂದನ್ನೂ ನನ್ನ ಮುಖಕ್ಕೆ ಇಟ್ಟು ಇಟ್ಟು
ನಾನೇ ಕೊರೆದದ್ದು.
ಹನ್ನೆರಡು ವರ್ಷದ ಕಣ್ಣುಗಳು
ಇಷ್ಟು ಹತ್ತಿರ ಹತ್ತಿರ ಇರುತ್ತವೆಂದು
ಹದಿನಾಲ್ಕು ವರ್ಷ ಪಾಠ ಮಾಡಿಯೂ
ನೋಡಿರಲಿಲ್ಲ.

ಬ್ಯಾಗಿನಲ್ಲಿ ಬ್ಲೇಡು ತಡಕುತ್ತಿದ್ದೆ.
"ಬೇಡ ಟೀಚರ್, ನಾವು ಕಣ್ಣಾಗ್ತೇವೆ" ಎಂದಳು ವೆನಿಶಾ ಲೋಬೊ,
ಮುಖ ಸಿಗದೆ ಉಳಿದ ಒಂಬತ್ತು ಜನರಲ್ಲಿ ಒಬ್ಬಳು.

ಒಂದೊಂದು ಬಣ್ಣದ ಮುಖದ ಹಿಂದೆ ಒಂದೊಂದು ಬರೀ ಮುಖ.
ಪ್ರಣಮ್ಯ "ಉಂತ್" ಅಂದರೆ ಅಜ್ಜಿ ನಿಲ್ಲಬೇಕು.
ವೆನಿಶಾ "ರಾವ್" ಅಂದರೆ ಏಡಿ ನಿಲ್ಲಬೇಕು.
"ಯಾವ ರಾವ್?" ಎಂದು ಕೇಳುತ್ತಲೇ
ಯಮನೂರ ಹೋಗಿ ಗೋಡೆಗೆ ತಾಗಿದ.
ಝುಲೈಖಾಳದ್ದು ಮಾತೇ ಇಲ್ಲ.
ತೋಳು ಒಮ್ಮೆ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ನಡೆ.
ಕೊಕ್ಕರೆಯ ಕಾಲಿನ ಮುಂದಿನ ನೆಲವನ್ನೇ ನೋಡುತ್ತಾ
ತಾನು ಎರಡು ಸಲ ಎಡವಿದಳು.
ಮುಖವಾಡ ಹಾಕಿದವರನ್ನೇ ಜನ ನೋಡುವುದು
ಎಂದು ಹೇಳಿಕೊಡುತ್ತಾ ಬಂದವಳು ನಾನು.
ನೋಡಿದ್ದು ಝುಲೈಖಾಳನ್ನು.

ಸಮುದ್ರಕ್ಕೆ ಮೊದಲಿಂದಲೂ ಕಣ್ಣಿರಲಿಲ್ಲ.
ಒಳಗೆ ಕ್ಲಾಸಿನಲ್ಲೇ ಚಿಕ್ಕವಳು, ಶಿಫಾನಾ.
ಅದನ್ನು ನಡೆಸುವವರು ಯಾರು ಎಂದಾಗ
ನಿಶಾಂತ ಡೆಸ್ಕಿನಿಂದ ಇಳಿದು ಬಂದ.
ಕೈ ಹಿಡಿಯಲಿಲ್ಲ, ಮೊಣಕೈಗೆ ಬೆರಳು ತಾಗಿಸಿದ ಅಷ್ಟೆ.
"ಮೆಲ್ಲ" ಎಂದ. "ಮೆಲ್ಲ."
ಬಾಗಿಲಿಂದ ಮೇಜಿನ ತನಕ, ಮೇಜು ಸುತ್ತಿ ಕಿಟಕಿಯ ತನಕ.
"ಉಂತ್."
ಮೀಟಿಂಗಿನವರೆಲ್ಲ ಬಾಯಿ ಮುಚ್ಚಿದ್ದರು.
"ಕುಲ್ಲು" ಎಂದ.
ಸಮುದ್ರ ಕೂತಿತು.

ಅರ್ಜಿ ಓದುವುದನ್ನು ಎಲ್ಲರೂ ಮರೆತಿದ್ದೆವು.
ನೆನಪಿಸಲು ಬಾಯಿ ತೆರೆದು
ಹಾಗೇ ಮುಚ್ಚಿದೆ.

ಮುಖ ಬಿಚ್ಚಿದಾಗ ಬೆವರಿಗೆ ಶಾಯಿ ಬಿಟ್ಟಿತ್ತು.
ಯಮನೂರನ ಹಣೆಯಲ್ಲಿ ಒಂದು ಗ್ರಾಮಿನ ದರ.
ಶಿಫಾನಾಳ ಕೆನ್ನೆಯಲ್ಲಿ ತಿರುಗುಮುರುಗಾಗಿ
"ಬೇಕಾಗಿದ್ದಾರೆ".
ಏನು ಬೇಕಾಗಿದೆ, ಯಾರಿಗೆ, ಎಂದು
ಎಲ್ಲರೂ ಅವಳ ಕೆನ್ನೆಗೆ ಮುತ್ತಿ ಓದುವಷ್ಟರಲ್ಲಿ
ಅವಳು ನಳ್ಳಿಗೆ ಓಡಿ ತೊಳೆದುಬಿಟ್ಟಳು.

ಸಂಜೆಯ ದೋಣಿಯಲ್ಲಿ ಟಿಕೆಟಿಗೆ ಬೇರೆ ಯಾರೋ ಇದ್ದರು,
ಚೀಲದ ಕಡೆ ನೋಡಲಿಲ್ಲ.
ಬ್ಲೇಡು ಬ್ಯಾಗಿನ ಹೊರಗಿನ ಜೇಬಿನಲ್ಲೇ ಇತ್ತು.
ತೂತು ಸರಿ ಮಾಡಲೋ, ಹೀಗೇ ಬಿಡಲೋ,
ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ
ಬಂದರು ಬಂತು, ಮೀನಿನ ವಾಸನೆ ಬಂತು,
ಹಿಂದಿನವರು ಇಳಿಯಿರಿ ಇಳಿಯಿರಿ ಎಂದರು.