ಹಗ್ಗದ ಪಾಠ

ಉಲಾರ್‌ಬೆಕ್ ಮನೆಯಿಂದ ತಂದದ್ದು, ಕುದುರೆ ಕಟ್ಟುವ ಹಗ್ಗ.
ಉಣ್ಣೆ, ಬೆವರು, ಲದ್ದಿ, ಮೂರೂ ಬೆರೆತ ವಾಸನೆ.
ಗೋಡೆಯಿಂದ ಕಿಟಕಿಯವರೆಗೆ ನೆಲದ ಮೇಲೆ ಎಳೆದು ಹಾಸಿದೆ.
ಗೋಡೆಯ ತುದಿಗೆ ಸೀಮೆಸುಣ್ಣದಲ್ಲಿ ವಿಲ್,
ಕಿಟಕಿಯ ತುದಿಗೆ, ನದಿ ಹೆಪ್ಪುಗಟ್ಟಿದ ದಿಕ್ಕಿಗೆ, ವೋಂಟ್.
ನಡುವೆ ಮೇ, ಮೈಟ್, ಕುಡ್.
ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವೆಂದು
ಪುಸ್ತಕಕ್ಕೂ ಖಚಿತವಿಲ್ಲ.

ನರಿನ್ ಊರು, ಒಂಬತ್ತನೆಯ ತರಗತಿ,
ಹೊರಗೆ ಸೊನ್ನೆಯಿಂದ ಇಪ್ಪತ್ತೆರಡು ಮೆಟ್ಟಿಲು ಕೆಳಗಿನ ಚಳಿ.
"ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮೂರಿಗೆ ರೈಲು ಬರುತ್ತದೆ.
ಹೋಗಿ ನಿಲ್ಲಿ. ನಿಂತಲ್ಲೇ ಕಾರಣ ಹೇಳಿ, ಇಂಗ್ಲಿಷಿನಲ್ಲಿ."

ಹನ್ನೊಂದು ಜನ ವಿಲ್ ಕಡೆಗೆ ಓಡಿದರು.
ರೈಲಿನ ಮೇಲಿನ ನಂಬಿಕೆಗಲ್ಲ,
ಕಲ್ಲಿದ್ದಲ ಒಲೆ ಇರುವುದು ಆ ಗೋಡೆಗೆ.
ನನಗೇ ಹೊಳೆಯಬೇಕಿತ್ತು.

ಜಿಬೆಕ್ ಒಬ್ಬಳೇ ಕಿಟಕಿಗೆ ಹೋದಳು,
ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡಳು,
"ಇಟ್ ವೋಂಟ್ ಕಮ್. ಬಿಕಾಸ್ ಮೌಂಟನ್."
ಬಿಕಾಸ್ ಆದಮೇಲೆ ಕ್ರಿಯಾಪದ ಬೇಕು, ಅನ್ನಲು ಬಾಯಿ ತೆರೆದೆ,
ಮುಚ್ಚಿದೆ.
ಬೆಟ್ಟ ಏನನ್ನೂ ಮಾಡುವುದಿಲ್ಲವಲ್ಲ.

ಮೈಟ್ ಕಲಿಸುವುದು ಇಲ್ಲಿ ಕಷ್ಟವಲ್ಲ.
ನಮ್ಮ ಮಾತಿನಲ್ಲೇ ನಾಳೆ ಎರಡು ಬಗೆ:
ಕೆಲೆತ್ ಅಂದರೆ ಬರುತ್ತಾನೆ,
ಕೆಲೆರ್ ಅಂದರೆ ಬಂದಾನು.
ಬರುತ್ತಾನೆ ಅಂದರೆ ನನ್ನಜ್ಜಿ ಹಿಟ್ಟು ಕಲೆಸುತ್ತಿದ್ದಳು.
ಬಂದಾನು ಅಂದರೆ
ಹಿಟ್ಟಿನ ಚೀಲದ ಬಾಯಿ ಬಿಚ್ಚಿ, ಒಳಗೆ ಇಣುಕಿ,
ಮತ್ತೆ ಕಟ್ಟುತ್ತಿದ್ದಳು.

"ಈಗ ವಾಕ್ಯ ನಿಮ್ಮದು" ಎಂದೆ.
ಅಣ್ಣನ ಮದುವೆ ಬಂತು, ಚಂದ್ರನ ಮೇಲೆ ಮನೆ ಬಂತು,
ಯಾರದೋ ಕುರಿ ಮೂರು ಮರಿ ಹಾಕಿತು, ಫ್ಯೂಚರ್ ಟೆನ್ಸಿನಲ್ಲಿ.
ಆಮೇಲೆ ಉಲಾರ್‌ಬೆಕ್, ತಲೆ ತಗ್ಗಿಸಿ, ಹಗ್ಗಕ್ಕೇ ಹೇಳುವಂತೆ:
"ಟೀಚರ್ ವಿಲ್ ಬಿ ಹಿಯರ್ ನೆಕ್ಸ್ಟ್ ಇಯರ್."

ಯಾರೂ ಕದಲಲಿಲ್ಲ. ಎಲ್ಲರೂ ನನ್ನ ಕಾಲು ನೋಡಿದರು.
ಹಾಜರಿ ಪುಸ್ತಕದೊಳಗೆ, ಬಿಷ್ಕೆಕ್ಕಿನ ಶಾಲೆಯೊಂದಕ್ಕೆ ಬರೆದ ಅರ್ಜಿ.
ಸಹಿ ಮಾತ್ರ ಬಾಕಿ.
ಮಡಿಕೆಯ ಅಂಚು ಹೊರಗೆ ಕಾಣುತ್ತಿತ್ತೋ ಏನೋ, ಗೊತ್ತಿಲ್ಲ.

ಹೋಗಿ ಕುಡ್ ಮೇಲೆ ನಿಂತೆ. ಅರ್ಧ ಹೆಜ್ಜೆ ಸರಿದೆ. ಮತ್ತೆ ಸರಿದೆ.
"ರೀಸನ್, ಪ್ಲೀಸ್" ಎಂದಳು ಜಿಬೆಕ್, ಥೇಟು ನನ್ನ ದನಿಯಲ್ಲಿ.
"ಬಿಕಾಸ್..." ಅಂದೆ.
ಕ್ರಿಯಾಪದ ಬರಲಿಲ್ಲ.

ಗಂಟೆ ಹೊಡೆಯಿತು.
ಉಲಾರ್‌ಬೆಕ್ ಆಗಲೇ ವಿಲ್ ತುದಿಯಿಂದ ಹಗ್ಗ ಸುತ್ತಿಕೊಂಡು ಬರುತ್ತಿದ್ದ,
ಮೊಣಕೈಗೂ ಹೆಬ್ಬೆರಳಿಗೂ, ದೊಡ್ಡವರ ಹಾಗೆ.
"ಐ ಮಸ್ಟ್ ಗೋ. ಹಾರ್ಸ್."
ಮಸ್ಟ್ ಮುಂದಿನ ವಾರದ ಪಾಠ, ನಾನಿನ್ನೂ ಕಲಿಸಿಲ್ಲ.
ಕತ್ತಲಾಗುವ ಮೊದಲು ಕಟ್ಟಬೇಕು, ಅಷ್ಟೇ ಅವನಿಗೆ ಗೊತ್ತು.
ನನ್ನ ಹತ್ತಿರ ಬಂದು ನಿಂತ, ಕಾದ,
ಕೊನೆಗೆ ನಮ್ಮ ಮಾತಿನಲ್ಲೇ ಕೇಳಿದ:
"ಟೀಚರ್, ಸ್ವಲ್ಪ ಕಾಲೆತ್ತಿ."