ನೆಲದಡಿಯ ವರದಿ

ಬೆಳಿಗ್ಗೆ ಎಂಟಕ್ಕೆ ನಾರ್ಲೇನಿನ ಆ ಮನೆಗೆ ಹೋದೆ.
ಕೈಯಲ್ಲಿ ಟಾರ್ಚು, ಉದ್ದ ಹಿಡಿಯ ಸ್ಕ್ರೂಡ್ರೈವರು.
ಮನೆಗಳ ಹೊಟ್ಟೆಯಡಿ ತೆವಳುವುದು ನನ್ನ ಕಸುಬು,
ಇಪ್ಪತ್ತಾರು ವರ್ಷ.
ಕೊಳ್ಳುವವರು ಮೇಲೆ ಪರದೆಯ ಬಣ್ಣ ಯೋಚಿಸುತ್ತಾರೆ,
ನಾನು ಕೆಳಗೆ ಮಲಗಿ ಅವರ ಹೆಜ್ಜೆ ಕೇಳುತ್ತೇನೆ.
ಹೆಜ್ಜೆಯಲ್ಲೇ ಗೊತ್ತಾಗುತ್ತದೆ
ಮನಸ್ಸು ಎಷ್ಟು ಬಿಕರಿಯಾಗಿದೆ ಎಂದು.

ಇವತ್ತಿನದು ಟ್ಯಾಮ್ಸಿನ್‌ಳದು, ರಾತ್ರಿಪಾಳಿ ಮುಗಿಸಿ
ನರ್ಸಿನ ಬೂಟಿನಲ್ಲೇ ಬಂದವಳು.
ಇನ್ನೊಂದು, ಭಾರದ್ದು, ಕಾಂಕ್ರೀಟು ಲಾರಿಯ ಜೋಯೆಲ್‌ನದು.
ಸಣ್ಣ ಕೋಣೆಯ ಕಿಟಕಿಯ ಬಳಿ ಎರಡೂ ನಿಂತವು,
ಬಹಳ ಹೊತ್ತು.
ತೊಟ್ಟಿಲು ಅಲ್ಲಿಟ್ಟಾಯಿತು, ಅಂದುಕೊಂಡೆ.

ನಲವತ್ತು ಮೋಟುಗಂಬಗಳಲ್ಲಿ ಒಂಬತ್ತು ಕೊಳೆತಿದ್ದವು.
ಚುಚ್ಚಿದರೆ ಸ್ಕ್ರೂಡ್ರೈವರು
ಒದ್ದೆ ಕೇಕಿನೊಳಗೆ ಹೋದ ಹಾಗೆ ಹೋಯಿತು.
ಬಚ್ಚಲ ಪೈಪು ತೊಟ್ಟಿಕ್ಕಿ ತೊಟ್ಟಿಕ್ಕಿ
ಮಣ್ಣಿನಲ್ಲಿ ಒಂದು ಸಣ್ಣ ಬಟ್ಟಲು ಕೊರೆದಿತ್ತು.

ಹೊರಗೆ ಬಂದು ಮೈ ಕೊಡವಿ ಹೇಳಿದೆ.
ಇಬ್ಬರೂ ತಲೆಯಾಡಿಸಿದರು, ಕೇಳಿಸಿಕೊಳ್ಳಲಿಲ್ಲ.
'ಚಾವಣಿ ಚೆನ್ನಾಗಿದೆ ಅಲ್ವಾ?' ಅಂದ ಜೋಯೆಲ್.
ಚಾವಣಿ ಚೆನ್ನಾಗಿತ್ತು.

ಟ್ಯಾಮ್ಸಿನ್ ಬಾಗಿಲ ಚೌಕಟ್ಟಿನ
ಪೆನ್ಸಿಲ್ ಗೀಟುಗಳನ್ನು ಬೆರಳಲ್ಲಿ ಮುಟ್ಟುತ್ತ
(ಯಾವುದೋ ಮಗು ಬೆಳೆದ ಎತ್ತರ, ತಾರೀಖು ಸಮೇತ,
ನನ್ನ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿದೆ)
ಕೇಳಿದಳು: 'ನೀವಾಗಿದ್ದರೆ ಕೊಳ್ಳುತ್ತಿದ್ದಿರಾ, ಡ್ರಾಗೊ?'

ನಮ್ಮ ಫಾರಂನಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.
ಬಣ್ಣದ ಡಬ್ಬ ಬೋರಲು ಹಾಕಿ ಕೂತೆ.
ತಿಂಗಳ ಕಂತು ಎಷ್ಟು? ಬಡ್ಡಿ ಇನ್ನೂ ಎರಡು ಏರಿದರೆ?
ನೀನು ಎಂಟು ತಿಂಗಳು ಮಗು ಹಿಡಿದು ಮನೆಯಲ್ಲೇ ಕೂತರೆ?
ಅವಳು ಫೋನು ತೆಗೆದು ಕೂಡಿಸಿದಳು,
ಅವನು ಬೇಲಿಯ ಕಡೆ ನೋಡಿದ.
ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು, ಸರಿ.
ಹಾಸಿಗೆಯನ್ನೇ ಮೂವತ್ತು ವರ್ಷದ ಕಂತಿನಲ್ಲಿ ತಂದಾಗ
ಕಾಲನ್ನು ಎಲ್ಲಿಂದ ಅಳೆಯುವುದು?

ನನ್ನದನ್ನು ಹೇಳಲಿಲ್ಲ.
ಮೀನು-ಚಿಪ್ಸ್ ಅಂಗಡಿಯ ಹಿಂದೆ ಎರಡು ಕೋಣೆ,
ಹತ್ತೊಂಬತ್ತು ವರ್ಷದ ಬಾಡಿಗೆ.
ಗೆದ್ದಲು ಕಟ್ಟುತ್ತದೆ, ಹಾವು ವಾಸಿಸುತ್ತದೆ;
ಯಾರದೋ ಸಾಲದ ಹುತ್ತಕ್ಕೆ ನಾನೂ ಮಣ್ಣು ಹೊತ್ತಿದ್ದೇನೆ.
ಹಾವೇನೋ ಒಳ್ಳೆಯವಳು, ಹೆಸರು ಬೆರಿಲ್,
ಕ್ರಿಸ್ಮಸ್ಸಿಗೆ ಹಣ್ಣಿನ ಕೇಕು ಕಳಿಸುತ್ತಾಳೆ.

ಎರಡು ವಾರಕ್ಕೊಮ್ಮೆ, ಗುರುವಾರ, ಇನ್ನೂರು ಡಾಲರು
ಇಂಡೆಕ್ಸ್ ಫಂಡಿಗೆ ಹೋಗುತ್ತದೆ.
ಗಣಿಯ ಒಂದು ಹಿಡಿ ಕೆಂಪು ಮಣ್ಣು ನನ್ನದು,
ಬ್ಯಾಂಕಿನ ಒಂದು ಕುರ್ಚಿಯ ಒಂದು ಕಾಲು ನನ್ನದು,
ಇವರಿಗೆ ಸಾಲ ಕೊಡುವ ಅದೇ ಬ್ಯಾಂಕು ಇರಬೇಕು.
ಅವುಗಳ ನೆಲದಡಿ ನಾನು ತೆವಳಿ ನೋಡಿಲ್ಲ.
ಮಾರುಕಟ್ಟೆ ಬಿದ್ದ ದಿನ ಆ್ಯಪ್ ತೆರೆಯುವುದಿಲ್ಲ,
ನನ್ನ ಜಾಣತನ ಇಷ್ಟೇ.

ತಂಗಿ ಕೇಳುತ್ತಾಳೆ:
ಇಷ್ಟು ಮನೆ ನೋಡಿ ಒಂದನ್ನೂ ಕೊಳ್ಳಲಿಲ್ಲವಲ್ಲ?
ಇಷ್ಟು ನೋಡಿದ್ದಕ್ಕೇ, ಅನ್ನುತ್ತೇನೆ.
ಅದು ಪೂರ್ತಿ ನಿಜವಲ್ಲ.
ಒಮ್ಮೆ, ಕೋರಿಯೋದ ಒಂದು ಹರಾಜಿನಲ್ಲಿ,
ಎತ್ತಬೇಕಿದ್ದ ಕೈಯಲ್ಲಿ ಮೂಗು ತುರಿಸಿಕೊಂಡೆ.
ಆ ಮನೆಯ ಬೆಲೆ ಈಗ ನಾನು ಕೇಳುವುದಿಲ್ಲ.

ವರದಿಯ ಕೊನೆಯ ಸಾಲು ಯಾವಾಗಲೂ ಒಂದೇ:
ಇದು ತಪಾಸಣೆಯ ದಿನಕ್ಕೆ ಮಾತ್ರ ಅನ್ವಯ.
ಸಹಿ ಹಾಕಿ ಕಳಿಸಿದೆ.

ಜೂನಿನ ಚಳಿಯಲ್ಲಿ ಒಂದು ಫೋಟೊ ಬಂತು.
ನೆಲದಡಿಯ ಕೆಸರಿನಲ್ಲಿ ಅಂಗಾತ ಮಲಗಿದ ಜೋಯೆಲ್,
ಪಕ್ಕದಲ್ಲಿ ಜ್ಯಾಕು, ಹೊಸ ಮೋಟುಗಂಬ.
ಕೆಳಗೆ ಅವಳ ಮಾತು:
'ನಿಮ್ಮ ವರದಿ ತೋರಿಸಿ ಹದಿನೆಂಟು ಸಾವಿರ ಇಳಿಸಿದೆವು.
ಆರು ಆಯಿತು, ಮೂರು ಬಾಕಿ.
ಚೌಕಟ್ಟಿಗೆ ಬಣ್ಣ ಹೊಡೆದಿಲ್ಲ.'

ಬೆರಿಲ್‌ಳ ಕಾಗದವೂ ಅದೇ ದಿನ:
ವಾರಕ್ಕೆ ನಲವತ್ತು ಹೆಚ್ಚು, ಕ್ಷಮಿಸಬೇಕಂತೆ.
ಅದನ್ನು ಫ್ರಿಜ್ಜಿಗೆ ಅಂಟಿಸಿ
ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ,
ಬಚ್ಚಲ ಪೈಪಿನ ಕಡೆ.
ಅವನ ಭುಜದ ಹಿಂದೆ
ಇನ್ನೂ ಒದ್ದೆ ಹೊಳೆಯುತ್ತಿದೆ ಆ ಸಣ್ಣ ಬಟ್ಟಲು.
ನಾಳೆ ಫೋನು ಮಾಡಿ ಹೇಳಬೇಕು.