ಬಾಡಿಗೆ ಪ್ರತಿ

ಮೂವತ್ತೆಂಟು ಪುಸ್ತಕ, ಒಂದು ರಬ್ಬರು, ಈಸ್ಟರ್ ಸೋಮವಾರದ ರಜೆ.
ಬುಧವಾರದೊಳಗೆ ಮೆಲ್ಬರ್ನಿನ ಗ್ರಂಥಾಲಯಕ್ಕೆ ಮರಳಬೇಕು
ಮೈಮೇಲೊಂದು ಗೀರಿಲ್ಲದೆ;
ಇದ್ದರೆ ಪ್ರತಿಗೆ ಎರಡು ಡಾಲರು ದಂಡ.
ಈ ಕೆಲಸ ನನ್ನ ಪಾಲಿಗೆ ಬಂದದ್ದು
ಯಾರೂ ಕೈಯೆತ್ತದ ಸಭೆಯಲ್ಲಿ
ನಾನು ಸೀನಲು ಕೈಯೆತ್ತಿದ್ದರಿಂದ.

ಅಳಿಸುತ್ತ ಹೋದಂತೆ ಎಲ್ಲರ ಗುಟ್ಟು ರಟ್ಟಾಗುತ್ತದೆ.
ಕೊಳಾಯಿ ಕೆಲಸದ ಡೆಸ್ಮಂಡ್
ತಪ್ಪುವ ಜಾಗದಲ್ಲೆಲ್ಲ ಒಂದು ಕನ್ನಡಕ ಬಿಡಿಸಿದ್ದಾನೆ: ಕಣ್ಣಿಟ್ಟು ನೋಡು.
ಸ್ಟಾವ್ರೋಸ್ ಜರ್ಮನ್ ಮಾತನ್ನು ಗ್ರೀಕಿನಲ್ಲಿ ಬರೆದುಕೊಂಡಿದ್ದಾನೆ,
ನಾನು ಕನ್ನಡದಲ್ಲಿ.
ನಾಲ್ಕು ಒತ್ತಕ್ಷರ ಹಾಕಿದರೆ
ಎಂಥ ಜರ್ಮನ್ನೂ ಬಾಯಿಗೆ ಬಗ್ಗುತ್ತದೆ.

ನಮ್ಮದು ನಡುದನಿ.
ರಾಗ ಮೇಲಿನವರ ಪಾಲು, ಗಾಂಭೀರ್ಯ ಕೆಳಗಿನವರದು,
ನಮಗೆ ಸಿಕ್ಕುವುದು ಹನ್ನೊಂದು ಆವರ್ತ ಒಂದೇ ಸ್ವರ,
ತಂಬೂರಿಯ ನಡುತಂತಿಯ ಹಾಗೆ:
ಇದ್ದಾಗ ಯಾರಿಗೂ ಬೇಡ,
ನಿಂತರೆ ಮನೆಯೆಲ್ಲ ತಿರುಗಿ ನೋಡುತ್ತದೆ.
ಅಷ್ಟುದ್ದ ಉಸಿರು ಒಬ್ಬರಲ್ಲಿಲ್ಲ. ಕದಿಯಬೇಕು.
ಪಕ್ಕದವಳು ಎಳೆದುಕೊಳ್ಳುವಾಗ ನಾನು ಹಿಡಿದಿರಬೇಕು,
ನಾನು ಎಳೆದುಕೊಳ್ಳುವಾಗ ಅವಳು.
ಹೀಗೆ ಹದಿನಾಲ್ಕು ಗುರುವಾರ
ಡೋರಿತ್ ಸಿಲ್ಬರಳ ಉಸಿರು ಕಾದಿದ್ದೇನೆ.
ಅವಳಿಗೆ ಮಕ್ಕಳಿದ್ದಾರೋ ಇಲ್ಲವೋ ತಿಳಿಯದು;
ಪಕ್ಕೆಲುಬು ಯಾವಾಗ ಅರಳುತ್ತದೆ, ಬಲ್ಲೆ.

ಪುಟ ನಲವತ್ತೇಳು. ಇಲ್ಲಿ ನಾವು ಗುಂಪು.
ಮುನ್ನೂರು ವರ್ಷದ ಹಿಂದೆ ಯಾವುದೋ ಊರಿನ ಆರ್ಗನ್ ವಾದಕ
ತನ್ನ ಊರವರ ಬಾಯಲ್ಲಿಟ್ಟ ಮಾತು:
ಒಂದು ಜನಾಂಗದ ಹೆಸರು ಹಿಡಿದು, ಇವರೇ ಕೂಗಿದ್ದು,
ಏರಿಸು ಶಿಲುಬೆಗೆ, ಏರಿಸು.
ನಾಲ್ಕು ದನಿ ಒಂದನ್ನೊಂದು ಬೆನ್ನಟ್ಟಿ
ಹೆಜ್ಜೇನು ಎದ್ದ ಹಾಗೆ.
ಬೇಡವೆಂದರೂ ಕಾಲು ತಾಳ ಹಾಕುತ್ತದೆ.
ಕೊಲ್ಲು ಎಂಬುದನ್ನು ಇಷ್ಟು ಸೊಗಸಾಗಿ ಬರೆಯಬಾರದಿತ್ತು.
ಪುಟ ಮಗುಚಿದರೆ ಅದೇ ಗಂಟಲು
ಅಯ್ಯೋ ನಮ್ಮ ಪಾಪವೇ ಎಂದು ಅಳಬೇಕು,
ನಡುವೆ ಎಂಜಲು ನುಂಗಲೂ ಹೊತ್ತಿಲ್ಲ.

ಫೆಬ್ರವರಿಯಲ್ಲಿ ಗ್ವೆನ್ ಟ್ರೆವೆನಾ ಸಭೆ ಕರೆದಿದ್ದಳು:
ಆ ಹೆಸರು ತೆಗೆದು ಬರೀ 'ಜನ' ಅನ್ನೋಣವೇ?
ಹಳೆಯದನ್ನು ಮುಟ್ಟಬಾರದು, ಎಂದರೊಬ್ಬರು.
ಜರ್ಮನ್ ತಾನೆ, ಇಲ್ಲಿ ಯಾರಿಗೆ ತಿಳಿಯುತ್ತದೆ, ಇನ್ನೊಬ್ಬರು.
ಡೋರಿತ್ ಕೈಚೀಲದಲ್ಲಿ ಪೆಪ್ಪರ್‌ಮಿಂಟ್ ಹುಡುಕುತ್ತಿದ್ದಳು,
ತುಂಬ ಹೊತ್ತು.
ಕೊನೆಗೆ ಕರಪತ್ರದಲ್ಲಿ ಒಂದು ಟಿಪ್ಪಣಿ ಎಂದಾಯಿತು,
ಸಣ್ಣಕ್ಷರದಲ್ಲಿ, ಚಹಾದ ಬೆಲೆಯ ಮೇಲೆ.

ಶುಭ ಶುಕ್ರವಾರ. ಬ್ಯಾಲರಟ್ಟಿನಲ್ಲಿ ಎಲೆ ಉದುರುವ ಕಾಲ.
ಚಿನ್ನದ ಗಣಿಯ ದುಡ್ಡಲ್ಲಿ ಎದ್ದ ಚರ್ಚು,
ತೊಂಬತ್ತು ಜನ, ಕೋಟು ಬಿಚ್ಚದೆ.
ಹೀಟರಿನ ಬಿಸಿಗೆ ಕರುಳಿನ ತಂತಿಗಳು ಇಳಿದು
ಎರಡು ಸಲ ಶ್ರುತಿ ಮಾಡಬೇಕಾಯಿತು;
ಮೊದಲೇ ಈ ಕಾಲದ ಷಡ್ಜಕ್ಕಿಂತ
ಅರ್ಧ ಮೆಟ್ಟಿಲು ಕೆಳಗೆ ಕಟ್ಟಿದ ಶ್ರುತಿ ಅದು.
ಮುಂದಿನ ಸಾಲಿನ ಹುಡುಗ ಮೊಬೈಲನ್ನು
ಟೊಪ್ಪಿಗೆಯೊಳಗೆ ಬಚ್ಚಿಟ್ಟು ನೋಡುತ್ತಿದ್ದ, ಮುಖ ನೀಲಿಯಾಗಿ.

ಪುಟ ನಲವತ್ತೇಳು. ನನ್ನ ಎಡಗಡೆ ಬರಿದಾಯಿತು.
ಉಸಿರು ಎಳೆದದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ.
ನಾನು ತುಂಬಿದೆ.
ಅಭ್ಯಾಸವೇ ಅದು, ಪಕ್ಕದವಳು ನಿಂತರೆ ತುಂಬುವುದು:
ಇಬ್ಬರ ಪಾಲು ನಾನೊಬ್ಬಳೇ ಕೂಗಿದೆ.
ಯಾರಿಗೂ ಗೊತ್ತಾಗಲಿಲ್ಲ.
ಆಮೇಲೆ ಚಹಾ ಹಿಡಿದು ಬಂದವರು
ಆ ಜಾಗದಲ್ಲೇ ಮೈ ಜುಮ್ಮೆಂದಿತು ಅಂದರು.
ಡೋರಿತ್ ಬಟ್ಟಲು ತೊಳೆಯುತ್ತಿದ್ದಳು. ನಾನು ಒರೆಸಿದೆ.

ಈಗ ಅವಳ ಪ್ರತಿ, ಇಪ್ಪತ್ತೆರಡನೆಯದು.
ಏನೂ ಬರೆದುಕೊಂಡವಳಲ್ಲ. ಅಲ್ಲಿ ಮಾತ್ರ
ಒಂದು ಅಲ್ಪವಿರಾಮ, ನಾವು ಉಸಿರಿಗೆ ಹಾಕುವ ಗುರುತು,
ಮಾತು ಶುರುವಾಗುವ ಮೊದಲು;
ಮತ್ತೆ ಒಂದು, ಮುಗಿದ ಮೇಲೆ.
ದೀಪದ ಕೆಳಗೆ ಓರೆಯಾಗಿ ಹಿಡಿದರೆ
ಮೊದಲನೆಯದರ ಅಡಿಯಲ್ಲಿ ಇನ್ನೊಂದು,
ಬೇರೆ ಕೈಯದು, ಹಳೆಯದು,
ಸೀಸ ಹೋಗಿ ಬರೀ ಕಾಗದದ ತಗ್ಗು.

ರಬ್ಬರು ಆಡಿಸಿದೆ,
ದಂಡ ಬೀಳದಷ್ಟು ಮಾತ್ರ.